ಮುಂದಿನ ಚಕ್ರ

ನಮ್ಮ ಮನೆ ಸಾಂಗ್ಲಿಯಲ್ಲಿ, ನನ್ನ ನೌಕರಿ ಮಿರಜದ ಒಂದು ಆಸ್ಪತ್ರೆಯಲ್ಲಿ. ಹದಿನೈದು ವರ್ಷ ಬಸ್ಸಿನಲ್ಲಿ ಜೋತುಬಿದ್ದು, ಶೇರ್ ರಿಕ್ಷಾದ ಸೀಟಿನ ತುದಿಯಲ್ಲಿ ಅರ್ಧ ಕೂತು ಹೋಗಿ ಬಂದ ಮೇಲೆ, ನಲವತ್ತೈದು ದಾಟಿದ ನಾನು ಒಂದು ದಿನ ಹೋಗಿ ಸೈಕಲ್ ಕೊಂಡು ತಂದೆ. ಅಂಗಡಿಯವನು ಅದನ್ನು ಹೈಬ್ರಿಡ್ ಎಂದ. ಹಾಲು ಹಾಕುವವರ ಸೈಕಲ್ಲಿನಷ್ಟು ಭಾರವಿಲ್ಲ, ರೇಸಿನ ಸೈಕಲ್ಲಿನಂತೆ ನಡು ಬಗ್ಗಿಸಿ ಕೂಡಬೇಕಾಗಿಲ್ಲ. ನೇರ ಹ್ಯಾಂಡಲ್, ತೀರ ತೆಳುವಲ್ಲದ ಟೈರು, ಬೂದು ಬಣ್ಣ. ದಿನಾಲೂ ಹೋಗಿ ಬರುವವರಿಗೆ ಇದೇ ಸರಿ ಎಂದ.

ಮನೆಯಲ್ಲಿ ಎಲ್ಲರೂ ನಕ್ಕರು. ನಮ್ಮದು ಅರಿಷಿಣದ ವ್ಯಾಪಾರದ ಮನೆತನ. ಅಂಗಡಿ ಅಣ್ಣನ ಕೈಯಲ್ಲಿದೆ, ನಾನೊಬ್ಬನೇ ನೌಕರಿ ಹಿಡಿದವನು. ಅಣ್ಣ ಸೈಕಲ್ಲಿನ ಸುತ್ತ ಒಂದು ಸುತ್ತು ಬಂದು, "ಛಲೋ ಐತಿ. ಆದ್ರ ಇದನ್ನ ಅಂಗಡಿ ಮುಂದ ನಿಲ್ಲಸಬ್ಯಾಡ ನೋಡಪಾ. ಮಂದಿ ಏನರೆ ತಿಳ್ಕೋತಾರ" ಎಂದ. ನಾನು ಅಲ್ಲಿ ನಿಲ್ಲಿಸಲಿಲ್ಲ. ಆದರೆ ಮೂರು ವರ್ಷ, ಮಳೆ ಜೋರಿದ್ದ ದಿನಗಳನ್ನು ಬಿಟ್ಟರೆ, ಮಿರಜ ರಸ್ತೆಯಲ್ಲಿ ಅದರ ಮೇಲೆಯೇ ಹೋದೆ, ಬಂದೆ.

ಅದನ್ನು ನೋಡಿಕೊಳ್ಳುವುದರಲ್ಲಿ ನನಗೊಂದು ಹುಚ್ಚು ಹತ್ತಿತ್ತು. ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಅದನ್ನು ತಲೆಕೆಳಗಾಗಿ ನಿಲ್ಲಿಸಿ ಕೂಡುತ್ತಿದ್ದೆ. ಮನೆ ಮಾರ್ಕೆಟ್ ಯಾರ್ಡಿನ ಹತ್ತಿರ. ಅರಿಷಿಣ ಬರುವ ಕಾಲಕ್ಕೆ ನಮ್ಮ ಬೀದಿಯ ಧೂಳೂ ಹಳದಿ. ಆ ಧೂಳು ಚೈನಿನ ಎಣ್ಣೆಗೆ ಅಂಟಿ ಮುಲಾಮಿನಂತಾಗುತ್ತಿತ್ತು. ಹಲ್ಲುಜ್ಜುವ ಹಳೆಯ ಬ್ರಶ್ಶನ್ನು ಡೀಸೆಲ್ಲಿನಲ್ಲಿ ಅದ್ದಿ ಒಂದೊಂದು ಕೊಂಡಿಯನ್ನೂ ತಿಕ್ಕಿ, ಒರೆಸಿ, ಹೊಸ ಎಣ್ಣೆಯ ಹನಿ ಬಿಡುತ್ತಿದ್ದೆ. ಬ್ರೇಕಿನ ರಬ್ಬರು ಎಷ್ಟು ಸವೆದಿದೆ, ಗೇರಿನ ತಂತಿ ಎಷ್ಟು ಸಡಿಲಾಗಿದೆ ಎಂದು ಉಗುರಿನಿಂದ ನೋಡುತ್ತಿದ್ದೆ. "ಇಷ್ಟ ನನ್ನ ಮಾರಿ ನೋಡಿದ್ರ ನಾ ಧನ್ಯ ಆಗ್ತಿದ್ದೆ" ಎಂದು ಹೆಂಡತಿ ಚಹಾ ತಂದಿಟ್ಟು ಹೋಗುತ್ತಿದ್ದಳು.

ಆ ಸೈಕಲ್ಲಿನಲ್ಲಿ ಎರಡು ವಿಶೇಷಗಳಿದ್ದವು. ಒಂದು, ಅದರ ಟ್ಯೂಬಿನ ವಾಲ್ವು. ಸಾದಾ ಸೈಕಲ್ಲಿನದರಂತಲ್ಲ, ಮೋಟರ್ ಸೈಕಲ್ಲಿನದರಂತೆಯೂ ಅಲ್ಲ. ಪೆನ್ಸಿಲ್ಲಿಗಿಂತ ತೆಳ್ಳಗೆ, ತುದಿಯಲ್ಲಿ ಒಂದು ಪುಟ್ಟ ಹಿತ್ತಾಳೆಯ ತಿರುಪು. ಅದನ್ನು ಸಡಿಲಿಸಿದರೆ ಮಾತ್ರ ಗಾಳಿ ಒಳಗೆ ಹೋಗುತ್ತದೆ. ಆಸ್ಪತ್ರೆಯ ಎದುರಿನ ಪಂಕ್ಚರ್ ಅಂಗಡಿಯವನಿಗೆ ಇದು ಗೊತ್ತಿರಲಿಲ್ಲ. ಒಮ್ಮೆ ತನ್ನ ಪಂಪಿನ ಬಾಯನ್ನು ಒತ್ತಿ ತುರುಕಿ ಆ ತಿರುಪನ್ನು ಮುರಿದುಬಿಟ್ಟ. ನಾನು ರಸ್ತೆಯ ಮೇಲೆಯೇ ಅವನೊಡನೆ ಜಗಳವಾಡಿದೆ. ಎರಡನೆಯದು, ಮುಂದಿನ ಚಕ್ರದ ಹಿಡಿಕೆ. ನಟ್ಟು ಬಿಚ್ಚಲು ಪಾನಾ ಬೇಡ. ಹಿಡಿಕೆಯನ್ನು ಹೊರಳಿಸಿದರೆ ಚಕ್ರ ಕೈಗೆ ಬರುತ್ತದೆ, ಮತ್ತೆ ಕೂಡಿಸಿ ಹೊರಳಿಸಿದರೆ ಬಿಗಿಯಾಗುತ್ತದೆ.

ಆ ಹಿಡಿಕೆಯನ್ನು ಕಂಡು ಅಚ್ಚರಿಪಟ್ಟವರು ಆಸ್ಪತ್ರೆಯ ವಾಚಮನ್ ಕಾಕಾ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ನನಗಿಂತ ಹತ್ತು ಹನ್ನೆರಡು ವರ್ಷ ಹಿರಿಯರು. ಜಮಖಂಡಿ ಕಡೆಯಿಂದ ಕೂಲಿಗೆಂದು ಈ ಸೀಮೆಗೆ ಬಂದು, ಕಟ್ಟಡದ ಕೆಲಸ, ಇಟ್ಟಂಗಿ ಭಟ್ಟಿ ಎಲ್ಲ ಮಾಡಿ, ಕೊನೆಗೆ ಒಬ್ಬ ಗುತ್ತೇದಾರನ ಕೈಕೆಳಗೆ ಕಾವಲಿನ ಕೆಲಸಕ್ಕೆ ಸೇರಿದ್ದರು. ಅಥಣಿ, ರಾಯಬಾಗದಿಂದ ರೋಗಿಗಳನ್ನು ಕರೆದುಕೊಂಡು ಬಂದವರಿಗೆ ಮಿರಜದಲ್ಲಿ ಮೊದಲು ಕಿವಿಗೆ ಬೀಳುತ್ತಿದ್ದ ಕನ್ನಡ ಇವರದು. "ಹೆದರಬ್ಯಾಡ್ರಿ, ಎಡಕ್ಕ ಹೋಗ್ರಿ, ಅಲ್ಲಿ ಚೀಟಿ ಮಾಡಸ್ರಿ" ಎಂದು ಗೇಟಿನಲ್ಲೇ ಅವರಿಗೆ ಧೈರ್ಯ ತುಂಬುತ್ತಿದ್ದರು. ನಾನು ನೆಲಮಾಳಿಗೆಯಲ್ಲಿ ರೋಗಿಗಳ ಹಳೆಯ ಕಾಗದಪತ್ರ ಇಡುವ ವಿಭಾಗದವನು. ಡಾಕ್ಟರಿಗೆ ಕನ್ನಡ ತಿಳಿಯದಿದ್ದಾಗ ನನ್ನನ್ನೂ ಮೇಲೆ ಕರೆಯುತ್ತಿದ್ದರು. ಹೀಗಾಗಿ ನಾವಿಬ್ಬರೂ ಒಂದು ರೀತಿಯಲ್ಲಿ ಒಂದೇ ಕೆಲಸದವರು ಎಂದು ನಾನು ಹೇಳಿಕೊಳ್ಳುತ್ತಿದ್ದೆ. ಹೇಳಿಕೊಳ್ಳಲು ಚೆನ್ನಾಗಿರುತ್ತಿತ್ತು.

"ಇದೇನ್ರಿ ಸಾಹೇಬ್ರ, ಪಾನಾ ಇಲ್ಲದ ಗಾಲಿ ಬಿಚ್ಚತೈತಿ?" ಎಂದು ಅವರು ಕೇಳಿದ ದಿನ ನಾನು ಹಿಗ್ಗಿಹೋದೆ. ಅಲ್ಲಿಯೇ ಕೂತು ಬಿಚ್ಚಿ ತೋರಿಸಿದೆ, ಅವರ ಕೈಯಿಂದಲೂ ಮಾಡಿಸಿದೆ. ಹಿಡಿಕೆ ಅಂಗೈಗೆ ಒತ್ತಿ ಗುರುತು ಮೂಡುವಷ್ಟು ಬಿಗಿಯಾಗಬೇಕು ಎಂದು ಹೇಳಿಕೊಟ್ಟೆ. ವಾಲ್ವಿನ ಕಥೆಯನ್ನೂ ಹೇಳಿ, "ಏನರೆ ಆದ್ರ ಎದುರಿನ ಅಂಗಡಿಯವನ ಕೈಯಾಗ ಮಾತ್ರ ಕೊಡಬಾರದು ಕಾಕಾ. ಸ್ಟೇಶನ್ ದಾಟಿ ಆ ಕಡೆ ಒಬ್ಬ ಅದಾನ, ಅವನ ಹತ್ರ ಇದಕ್ಕ ಕೂಡೂ ಪಂಪಿನ ನಳಿಗಿ ಐತಿ" ಎಂದೂ ಹೇಳಿದ್ದೆ. ಅವರು ತಲೆಯಾಡಿಸಿ ಕೇಳಿದರು. ನನ್ನ ಸೈಕಲ್ ನಿಲ್ಲುತ್ತಿದ್ದುದು ಅವರ ಕುರ್ಚಿಯ ಹಿಂದೆ, ತಗಡಿನ ನೆರಳಿನಲ್ಲಿ. ಡಾಕ್ಟರುಗಳ ಕಾರು ಬಂದರೂ ಅದನ್ನು ಅಲ್ಲಿಂದ ಸರಿಸಲು ಬಿಡುತ್ತಿರಲಿಲ್ಲ. ಹಬ್ಬಕ್ಕೆ ನಾನು ಹೋಳಿಗೆ ಒಯ್ದು ಕೊಡುತ್ತಿದ್ದೆ, ಕಾಗದದಲ್ಲಿ ಕಟ್ಟಿ. ತಿರುಗಿ ನಮ್ಮ ಅಡಿಗೆಮನೆಗೆ ಬರಬೇಕಾದ ಡಬ್ಬಿಯಲ್ಲಿ ಏಕೆ ಒಯ್ಯುವುದಿಲ್ಲ ಎಂದು ಆಗ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಅದು ಮಳೆಗಾಲ. ಹಿಂದಿನ ದಿನ ಸಂಜೆ ಹೊರಡುವಾಗ ಕಾಕಾಗೆ ಹೇಳಿದ್ದೆ, "ನಾಳೆ ಸಂಜಿಕ ಐದಕ್ಕ ಹೊಂಡಬೇಕ್ರಿ. ಅವ್ವನ್ನ ಕಣ್ಣಿನ ಡಾಕ್ಟರ ಕಡೆ ಒಯ್ಯೂದೈತಿ. ಆರಕ್ಕ ಹೋಗದಿದ್ರ ಮತ್ತ ಒಂದು ತಿಂಗಳ ಕಾಯಬೇಕು."

ಮರುದಿನ ಮಧ್ಯಾಹ್ನ ಒಂದರ ಸುಮಾರಿಗೆ ಚಹಾ ಕುಡಿಯಲು ಮೇಲೆ ಬಂದೆ. ಗೇಟಿನಲ್ಲಿ ಯಾರೂ ಇರಲಿಲ್ಲ. ಕುರ್ಚಿ ಖಾಲಿ. ಅದರ ಹಿಂದೆ ನನ್ನ ಸೈಕಲ್ ಮುಂದಿನ ಚಕ್ರವಿಲ್ಲದೆ ಗೋಡೆಗೆ ಒರಗಿ ನಿಂತಿತ್ತು. ಹತ್ತಿರ ಹೋಗಿ ನೋಡಿದೆ. ಚಕ್ರ ಕೂಡುವ ಎರಡು ತುದಿಗಳು ನೆಲಕ್ಕೆ ತಾಗಿ ಸವೆಯಬಾರದೆಂದು ಯಾರೋ ಕೆಳಗೆ ಗೋಣಿತಟ್ಟನ್ನು ನಾಲ್ಕು ಮಡಿಕೆ ಮಾಡಿ ಹಾಸಿದ್ದರು.

ಆ ಗೋಣಿತಟ್ಟನ್ನು ನಾನು ನೋಡಿದೆ. ಇದನ್ನು ಬರೆಯದಿದ್ದರೆ ಉಳಿದದ್ದನ್ನು ಬರೆದೂ ಉಪಯೋಗವಿಲ್ಲ. ಕಳ್ಳನಾದವನು ಗೋಣಿ ಹಾಸುವುದಿಲ್ಲ. ಒಂದು ನಿಮಿಷ ನಿಂತು ಯೋಚಿಸಿದ್ದರೆ ತಿಳಿಯುತ್ತಿತ್ತು. ನಿಲ್ಲಲಿಲ್ಲ. ಚಕ್ರ ಬಿಚ್ಚುವುದು ಯಾರಿಗೆ ಗೊತ್ತು ಎಂಬ ವಿಚಾರ ಬಂತು, ಖಾಲಿ ಕುರ್ಚಿ ಕಂಡಿತು. ಇವೆರಡನ್ನೂ ಕೂಡಿಸಿಕೊಂಡು ಮೆಟ್ಟಿಲು ಹತ್ತಿದೆ.

ಆಡಳಿತ ನೋಡುವ ಅಧಿಕಾರಿಯ ಕೋಣೆ ಮೊದಲ ಮಹಡಿಯಲ್ಲಿ. ಆ ವಾರ ವಾರ್ಡಿನಿಂದ ರೋಗಿಯೊಬ್ಬರ ಮೊಬೈಲು ಕಳುವಾಗಿ ಅಧಿಕಾರಿ ಮೊದಲೇ ಕುದಿಯುತ್ತಿದ್ದರು. ನಾನು ಮರಾಠಿಯಲ್ಲಿ, ಒಳ್ಳೆಯ ಕಚೇರಿ ಮರಾಠಿಯಲ್ಲಿ, ಹೇಳಿದೆ: ಗೇಟಿನಲ್ಲಿ ವಾಚಮನ್ ಇಲ್ಲ, ನನ್ನ ಸೈಕಲ್ಲಿನ ಚಕ್ರ ಹೋಗಿದೆ.

"ಬರೆದು ಕೊಡಿ" ಎಂದರು.

ಬರೆದು ಕೊಟ್ಟೆ. 'ಕರ್ತವ್ಯದ ವೇಳೆಯಲ್ಲಿ ವಾಚಮನ್ ಸ್ಥಳದಲ್ಲಿ ಇರಲಿಲ್ಲ' ಎಂಬ ಸಾಲನ್ನು ಯಾರೂ ಹೇಳಿಕೊಡದೆ ನಾನೇ ಬರೆದೆ. ಕೆಳಗೆ ಸಹಿ ಮಾಡಿ, ವೇಳೆಯನ್ನೂ ಹಾಕಿದೆ. ಅಧಿಕಾರಿ ಅದರ ಫೋಟೋ ತೆಗೆದು ಗುತ್ತೇದಾರನಿಗೆ ಕಳಿಸಿದರು, ಆಮೇಲೆ ಫೋನ್ ಮಾಡಿ ಜೋರು ಮಾಡಿದರು. ಎಲ್ಲ ಸೇರಿ ಹತ್ತು ನಿಮಿಷ ಆಗಿರಬೇಕು.

ಅಧಿಕಾರಿಯೂ ನಾನೂ ಕೆಳಗಿಳಿದು ಗೇಟಿನ ಹತ್ತಿರ ನಿಂತಿದ್ದಾಗ ಕಾಕಾ ಬಂದರು. ಮಳೆಯಲ್ಲಿ ನೆನೆದಿದ್ದರು. ಖಾಕಿ ಅಂಗಿ ಮೈಗೆ ಅಂಟಿತ್ತು. ನನ್ನ ಚಕ್ರವನ್ನು ಹೆಗಲಿಗೆ ಹಾಕಿಕೊಂಡು, ಬೇಗ ಬೇಗ, ಸ್ಟೇಶನ್ನಿನ ಕಡೆಯಿಂದ ನಡೆದು ಬರುತ್ತಿದ್ದರು. ನನ್ನನ್ನು ಕಂಡು ನಕ್ಕರು. ಅಧಿಕಾರಿಯನ್ನು ಇನ್ನೂ ಗಮನಿಸಿರಲಿಲ್ಲ.

"ಸಾಹೇಬ್ರ, ಗಾಲಿ ಪೂರಾ ಕುಂತಿತ್ತರಿ. ಸಂಜಿಕ ನಿಮಗ ಅವ್ವಾರ್ನ ಒಯ್ಯೂದೈತಿ ಅಂದಿದ್ರಲ್ಲ, ಅದಕ ಸ್ಟೇಶನ್ ಆಚಿ ಅಂಗಡಿಗೆ ಹೋಗಿ ಪಂಕ್ಚರ್ ತಗಿಸಿ ಗಾಳಿ ಹೊಡಿಸಿ ತಂದೇನಿ. ಎದುರಿನವ್ನ ಕೈಯಾಗ ಕೊಟ್ಟಿಲ್ಲರಿ."

ಅಧಿಕಾರಿ ಮರಾಠಿಯಲ್ಲಿ ಕೇಳಿದರು, "ಗೇಟು ಬಿಟ್ಟು ಎಷ್ಟು ಹೊತ್ತಾಯಿತು?"

ಕಾಕಾ ಆಗ ಅವರನ್ನು ನೋಡಿದರು. ಚಕ್ರವನ್ನು ಹೆಗಲಿನಿಂದ ಇಳಿಸಿದರು. ಅವರ ಮರಾಠಿ ಗೇಟಿನ ಮರಾಠಿ, ನಾಲ್ಕು ಮಾತಿನದು. "ಚೂಕ ಝಾಲಿ, ಸಾಹೇಬ" ಎಂದರು. ತಪ್ಪಾಯಿತು ಎಂದಷ್ಟೇ. ಒಳಗಿನ ಸಿಪಾಯಿಯನ್ನು ಗೇಟಿನಲ್ಲಿ ನಿಲ್ಲಿಸಿ ಹೋಗಿದ್ದರಂತೆ, ಅವನು ಚಹಾಕ್ಕೆ ಎದ್ದು ಹೋಗಿದ್ದ. ಇದನ್ನು ಮರಾಠಿಯಲ್ಲಿ ಹೇಳಲು ಅವರಿಗೆ ಪದ ಸಿಗಲಿಲ್ಲ. ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು, ನಾನು ಅದನ್ನು ಮರಾಠಿಗೆ ತಿರುಗಿಸಿ ಹೇಳುತ್ತೇನೆಂದು ಕಾದರು. ದಿನವೂ ಎಷ್ಟೋ ರೋಗಿಗಳಿಗಾಗಿ ನಾನು ಮಾಡುತ್ತಿದ್ದ ಕೆಲಸ ಅದು. ಆದರೆ ಅಧಿಕಾರಿ ಅದಕ್ಕೆ ಮೊದಲೇ ನನ್ನನ್ನು ಕೇಳಿದರು, "ಇವನಿಗೆ ಹೋಗಲು ನೀವು ಹೇಳಿದ್ದಿರಾ?"

"ಇಲ್ಲ, ನಾನು ಹೇಳಿರಲಿಲ್ಲ" ಎಂದೆ.

ನಿಜ. ನಾನು ಹೇಳಿರಲಿಲ್ಲ. ಆ ಒಂದು ಮಾತಿನಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಕಾಕಾ ನನ್ನ ಮುಖವನ್ನೇ ನೋಡುತ್ತಿದ್ದರು. ಅಷ್ಟು ಮರಾಠಿ ಅವರಿಗೆ ತಿಳಿಯುತ್ತಿತ್ತು.

ಆಮೇಲೆ ನಾನು ಮೆಲ್ಲಗೆ, "ಹೋಗಲಿ ಬಿಡಿ ಸರ್, ಚಕ್ರ ಸಿಕ್ಕಿತಲ್ಲ" ಎಂದದ್ದೂ ಉಂಟು. "ಪ್ರಶ್ನೆ ನಿಮ್ಮ ಚಕ್ರದ್ದಲ್ಲ, ಗೇಟಿನದು. ಕಾಗದ ಆಗಲೇ ಹೋಗಿದೆ" ಎಂದರು ಅಧಿಕಾರಿ. ನಾನು ಮತ್ತೆ ಬಾಯಿ ತೆರೆಯಲಿಲ್ಲ. ತೆರೆದಿದ್ದರೆ, ತಾನೇ ದೂರು ಬರೆದುಕೊಟ್ಟು ಈಗ ಹಿಂತೆಗೆದುಕೊಳ್ಳುವ ಮೂರ್ಖನಾಗಿ ಕಾಣುತ್ತಿದ್ದೆ. ಮೂರ್ಖನಾಗಿ ಕಾಣುವುದು ಆ ಹೊತ್ತಿಗೆ ನನಗೆ ಬಹಳ ದೊಡ್ಡ ವಿಷಯವಾಗಿತ್ತು. ನೆಲಮಾಳಿಗೆಗೆ ಇಳಿದು ಹೋಗಿ ಕಡತಗಳ ನಡುವೆ ಕೂತೆ.

ಐದಕ್ಕೆ ಹೊರಬಂದಾಗ ಕಾಕಾ ಇರಲಿಲ್ಲ. ಸೈಕಲ್ ತನ್ನ ಜಾಗದಲ್ಲಿತ್ತು, ಚಕ್ರ ಕೂಡಿಸಿತ್ತು. ಹಿಡಿಕೆಯನ್ನು ಮುಟ್ಟಿ ನೋಡಿದೆ. ಸರಿಯಾಗಿ ಬಿಗಿ ಮಾಡಿದ್ದರು. ಟೈರಿನಲ್ಲಿ ಗಾಳಿ ಕಲ್ಲಿನಂತಿತ್ತು. ಮಳೆ ನಿಂತ ರಸ್ತೆಯಲ್ಲಿ ಬೇಗನೆ ಮನೆ ಮುಟ್ಟಿ, ಅವ್ವನನ್ನು ರಿಕ್ಷಾದಲ್ಲಿ ಕರೆದುಕೊಂಡು ಆರಕ್ಕೆ ಮೊದಲೇ ಕಣ್ಣಿನ ಡಾಕ್ಟರರ ಹತ್ತಿರ ಕೂತಿದ್ದೆ.

ಮರುದಿನ ಗೇಟಿನಲ್ಲಿ ಹೊಸ ವಾಚಮನ್. ಕೇಳಿದೆ. ಅವನಿಗೆ ಏನೂ ಗೊತ್ತಿರಲಿಲ್ಲ. ಗುತ್ತೇದಾರ ಕಾಕಾನನ್ನು ಬೇರೆ ಎಲ್ಲಿಗಾದರೂ ಹಾಕಿರುತ್ತಾನೆ ಎಂದುಕೊಂಡೆ. ಹಾಗೆ ಅಂದುಕೊಳ್ಳಲು ನನ್ನ ಬಳಿ ಯಾವ ಕಾರಣವೂ ಇರಲಿಲ್ಲ, ಅದು ನನಗೆ ಅನುಕೂಲವಾಗಿತ್ತು ಎಂಬುದನ್ನು ಬಿಟ್ಟರೆ. ಗುತ್ತೇದಾರನ ನಂಬರು ಅಧಿಕಾರಿಯ ಬಳಿ ಇತ್ತು. ಕೇಳಿದ್ದರೆ ಕೊಡುತ್ತಿದ್ದರು. ಕೇಳಲಿಲ್ಲ. ಮನೆಯಲ್ಲಿ ಹೆಂಡತಿಗೆ ಒಂದು ವಾರದ ಮೇಲೆ ಹೇಳಿದೆ. ಅವಳು ಕೈಯಲ್ಲಿನ ಹಿಟ್ಟನ್ನು ಹಾಗೆಯೇ ಬಿಟ್ಟು, "ನೀವು ಬರದು ಕೊಟ್ರಿ?" ಎಂದಳು.

"ಆಗ ಗೊತ್ತಿದ್ದಿಲ್ಲ."

"ಗೊತ್ತಾದ ಮ್ಯಾಲ ಏನ್ ಮಾಡಿದ್ರಿ?"

ನಾನು ಎದ್ದು ಅಂಗಳಕ್ಕೆ ಹೋದೆ. ಮಾಡಲು ಅಲ್ಲಿ ಯಾವಾಗಲೂ ಕೆಲಸವಿರುತ್ತಿತ್ತು. ಆ ಮಳೆಗಾಲದಲ್ಲಿ ನನ್ನ ಸೈಕಲ್ ಎಷ್ಟು ಚೊಕ್ಕಾಗಿತ್ತೆಂದರೆ, ಆಸ್ಪತ್ರೆಯವರು ಪರಿಸರದ ಕುರಿತ ಒಂದು ಕಾರ್ಯಕ್ರಮದಲ್ಲಿ ನನ್ನನ್ನೂ ಅದನ್ನೂ ಗೇಟಿನ ಎದುರು ನಿಲ್ಲಿಸಿ ಫೋಟೋ ತೆಗೆದರು. ಸೈಕಲ್ ಮೇಲೆ ಬರುವ ನೌಕರನೆಂದು ನಾಲ್ಕು ಒಳ್ಳೆಯ ಮಾತು ಆಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೈ ಮುಗಿದೆ.

ಕಾಕಾ ಎಲ್ಲಿದ್ದಾರೆಂದು ತಿಳಿದದ್ದು ಚಳಿಗಾಲ ಮುಗಿಯುವ ಹೊತ್ತಿಗೆ, ಗೇಟಿನ ಹೊರಗಿನ ಚಹಾದಂಗಡಿಯವನಿಂದ. "ಸಮಡೋಳಿ ಕಡೆ ಅರಿಷಿಣ ಕೀಳಾಕ ಹೋಗ್ಯಾರ, ಗಂಡ ಹೆಂಡ್ತಿ ಇಬ್ರೂ. ಹೊಲದಾಗ ಜೋಪಡಿ ಹಾಕ್ಕೊಂಡಾರ" ಎಂದ. ಆಮೇಲೆ ನನ್ನ ಮುಖ ನೋಡದೆ ಗಾಜಿನ ಲೋಟ ತೊಳೆಯತೊಡಗಿದ. ಅವನಿಗೂ ಗೊತ್ತಿತ್ತು. ಆ ಗೇಟಿನ ಸುತ್ತಲಿನ ಎಲ್ಲರಿಗೂ ಗೊತ್ತಿತ್ತು.

ಒಂದು ಭಾನುವಾರ ಸೈಕಲ್ ಹತ್ತಿ ಕೃಷ್ಣೆಯ ಸೇತುವೆ ದಾಟಿ ಹೊರಟೆ. ಬಸ್ಸಿನಲ್ಲಿ ಹೋಗಬಹುದಿತ್ತು, ಅಣ್ಣನ ಗಾಡಿ ಕೇಳಬಹುದಿತ್ತು. ಸೈಕಲ್ಲಿನ ಮೇಲೆ ಹೋದರೆ ಅವರಿಗೆ ಸಂತೋಷವಾಗುತ್ತದೆ ಎಂದು ಯಾಕೆ ಅನಿಸಿತೋ ಈಗ ಹೇಳಲಾರೆ. ಕಬ್ಬಿನ ನಡುವಿನ ರಸ್ತೆ. ಊರಿನಲ್ಲಿ ಕೇಳಿಕೊಂಡು ಹೋಗಿ, ಹೊಲದ ಬದಿಯಲ್ಲಿ ಒಂದು ತಾಡಪತ್ರಿಯ ಜೋಪಡಿಯ ಎದುರು ಇಳಿದೆ. ಪಕ್ಕದಲ್ಲಿ ದೊಡ್ಡ ಡ್ರಮ್ಮಿನಲ್ಲಿ ಅರಿಷಿಣ ಬೇಯುತ್ತಿತ್ತು. ಆ ವಾಸನೆ ನನಗೆ ಹುಟ್ಟಿದಾಗಿನಿಂದ ಪರಿಚಯ. ಆದರೆ ನನಗೆ ಅದು ಅಂಗಡಿಯ ಗಾದಿಯ ಮೇಲೆ ಕೂತು ಮೂಸಿದ ವಾಸನೆ. ಕಾಕಾ ಗಡ್ಡೆಯ ಮಣ್ಣು ಬಿಡಿಸುತ್ತ ಕುಕ್ಕರಗಾಲಿನಲ್ಲಿ ಕೂತಿದ್ದರು. ಬೆರಳುಗಳ ಸಂದಿಯಲ್ಲಿ ಹಳದಿ, ಅಂಗೈ ತುಂಬ ಬಿರುಕು. ಏಳುವಾಗ ಒಂದು ಕೈಯನ್ನು ನೆಲಕ್ಕೆ ಊರಿದರು, ಇನ್ನೊಂದನ್ನು ಟೊಂಕಕ್ಕೆ.

"ಸಾಹೇಬ್ರ, ನೀವ? ಬರ್ರಿ, ಕುಂದ್ರಿ."

ಅದೇ ಗೌರವ, ಅದೇ ದನಿ. ಬೈದಿದ್ದರೆ ಒಳ್ಳೆಯದಿತ್ತು. ಅವರ ಹೆಂಡತಿ ಜೋಪಡಿಯಿಂದ ಹೊರಗೆ ಬಂದು ನನ್ನನ್ನು ನೋಡಿದರು. ನನಗಿಂತ ಹೆಚ್ಚು ಹೊತ್ತು ಸೈಕಲ್ಲನ್ನು ನೋಡಿದರು.

"ಇವರ ಏನು ಆ ಗಾಲಿಯವ್ರು?"

"ಚಾ ಮಾಡ ಹೋಗ" ಎಂದರು ಕಾಕಾ.

ಸ್ಟೀಲಿನ ಲೋಟದಲ್ಲಿ ಚಹಾ ಬಂತು. ಕುಡಿದೆ. ಇವರ ಮನೆಯಲ್ಲಿ ಚಹಾ ಕುಡಿಯುತ್ತಿದ್ದೇನೆ ಎಂಬ ವಿಚಾರ, ಯಾರೋ ನನ್ನ ಬೆನ್ನು ತಟ್ಟಿದಂತೆ, ಮನಸ್ಸಿನಲ್ಲಿ ಸುಳಿಯಿತು. ಅಂಥ ಹೊತ್ತಿನಲ್ಲಿಯೂ ಸುಳಿಯಿತು.

"ಕಾಕಾ, ನನ್ನ ಕಡೆಯಿಂದ ತಪ್ಪಾತು" ಎಂದೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳಲ್ಲಿ ಅಷ್ಟೇ ಉಳಿದಿತ್ತು.

ಅವರು ಗಡ್ಡೆಯೊಂದನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತ ಹೇಳಿದರು, "ನೀವು ಸುಳ್ಳ ಹೇಳಲಿಲ್ಲರಿ. ಹೋಗಂತ ನೀವು ಹೇಳಿದ್ದಿಲ್ಲ, ಖರೇ. ಗೇಟ ಬಿಟ್ಟದ್ದು ನನ್ನ ತಪ್ಪ. ಆದ್ರ ಒಂದು ಮಾತ ಕೇಳ್ಲೇನ್ರಿ?"

"ಕೇಳ್ರಿ."

"ಮೂರು ವರ್ಷ ನನ್ನ ಜೋಡಿ ಕನ್ನಡದಾಗ ಮಾತಾಡಿದ್ರಿ. ನಮ್ಮ ಕಡೆಯವ್ರು ಅಂತ ನಾನೂ ಮಂದಿ ಮುಂದ ಹೇಳ್ತಿದ್ದೆ. ಅವತ್ತ ನಾ ಬರೂತನಕ ನೀವು ಕಾಯಲಿಲ್ಲ, ಹೋಗ್ಲಿ. ಬಂದ ಮ್ಯಾಲರೆ ನಾ ಹೇಳಿದ್ದನ್ನ ಆ ಸಾಹೇಬ್ರಿಗೆ ತಿಳಿಸಿ ಹೇಳ್ಬಹುದಾಗಿತ್ತಲ್ರಿ? ದಿನಾ ಪೇಶೆಂಟ ಮಂದೀದು ಹೇಳ್ತಿದ್ರಿ. ನಂದು ಯಾಕ ಹೇಳಲಿಲ್ಲ?"

"ಬ್ಯಾರೆ ದವಾಖಾನಿಯೊಳಗ ನನ್ನ ಪರಿಚಯದವ್ರು ಅದಾರ. ನಾ ಮಾತಾಡ್ತೇನಿ" ಎಂದೆ.

"ಬ್ಯಾಡ್ರಿ" ಎಂದರು. ಒರಟಾಗಿ ಅಲ್ಲ. "ನೀವು ಮಾತಾಡೂದ ಬ್ಯಾಡ."

ಅವರ ಹೆಂಡತಿ ಒಲೆಯ ಹತ್ತಿರದಿಂದಲೇ ಹೇಳಿದರು, "ಮಳಿಗಾಲದಾಗ ಆದದ್ದು. ಈಗ ಬಂದಾರ. ಆ ನೌಕರಿಯೊಳಗ ಕುರ್ಚಿ ಇತ್ತರಿ ಇವರಿಗೆ. ಈ ವಯಸ್ಸಿನ್ಯಾಗ ದಿನಾ ಬಗ್ಗಿ ಕೀಳಬೇಕಂದ್ರ ಸಂಜಿಕ ಟೊಂಕ ಎತ್ತಾಕ ಬರೂದಿಲ್ಲ. ಅದನ್ನೂ ಬರಕೋರಿ, ಬರಿಯಾಕ ಛಲೋ ಬರತೈತಂತಲ್ಲ ನಿಮಗ."

ಕಾಕಾ ಹೆಂಡತಿಗೆ ಸುಮ್ಮನಿರು ಎನ್ನಲಿಲ್ಲ. ನಾನು ಎದ್ದೆ. ಕಾಕಾ ರಸ್ತೆಯ ತನಕ ಬರಲಿಲ್ಲ. ಜೋಪಡಿಯ ಎದುರಿಗೇ ನಿಂತು, "ಹುಷಾರಾಗಿ ಹೋಗ್ರಿ, ಕಬ್ಬಿನ ಟ್ರ್ಯಾಕ್ಟರ್ ಬರ್ತಾವ" ಎಂದರು. ನಾನು ತಿರುಗಿ ನೋಡಿದಾಗ ಆಗಲೇ ಮತ್ತೆ ಕೂತು ಮಣ್ಣು ಬಿಡಿಸುತ್ತಿದ್ದರು.

ಹಿಂದಿರುಗುವ ದಾರಿಯಲ್ಲಿ ಆದದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಸೇತುವೆಗೆ ಬರುವಷ್ಟರಲ್ಲಿ ನನಗೆ ಹಗುರೆನಿಸಿತು. ಹೋಗಿ ಬಂದೆ, ತಪ್ಪಾಯಿತೆಂದು ಹೇಳಿದೆ, ಬೈಸಿಕೊಂಡೆ, ಮುಗಿಯಿತು. ಆರು ತಿಂಗಳಿನಿಂದ ಎದೆಯ ಮೇಲೆ ಕೂತಿದ್ದ ಒಂದು ಕೆಲಸ ಆದಂತಾಯಿತು. ಅವರ ಟೊಂಕ ಹಾಗೆಯೇ ಇತ್ತು, ಜೋಪಡಿ ಹಾಗೆಯೇ ಇತ್ತು. ಅರಿಷಿಣ ಮುಗಿದ ಮೇಲೆ ಅವರು ಎಲ್ಲಿಗೆ ಹೋಗುತ್ತಾರೆ ಎಂದು ಕೇಳಲೂ ಇಲ್ಲ. ಮುಂದಿನ ತಿಂಗಳು ಯಾರೋ ಹೇಳಿದರು, ಅವರು ಆ ಹೊಲದಿಂದ ಹೋದರಂತೆ. ಎಲ್ಲಿಗೆ ಎಂಬುದು ಹೇಳಿದವರಿಗೂ ತಿಳಿಯದು.

ಅಂದು ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಕೇಳಿದಳು, "ಸಿಕ್ರೇನು?"

"ಸಿಕ್ರು."

"ಏನಂದ್ರು?"

"ಏನಿಲ್ಲ. ಚಾ ಕುಡಿಸಿದ್ರು."

ಅವಳು ತಾಟು ಹಾಕಿದಳು. ಬಿಸಿಲಿನಲ್ಲಿ ಅಷ್ಟು ದೂರ ತುಳಿದು ಬಂದಿದ್ದೆ. ಹಸಿವೆ ಜೋರಾಗಿತ್ತು. ಎಂದಿಗಿಂತ ಒಂದು ರೊಟ್ಟಿ ಹೆಚ್ಚಿಗೆ ತಿಂದೆ.